ಮೊಲ ಕಡಿಮೆಯಾದದ್ದು ಗಿಡುಗನಿಂದಲೇ?

ಬೆಟ್ಟದಲ್ಲಿ ಮೊಲ ಕಾಣುತ್ತಿಲ್ಲ, ಕಾಡುಕೋಳಿಯ ಕೂಗು ಕೇಳುತ್ತಿಲ್ಲ ಎಂಬ ಮಾತು ಮಲೆನಾಡಿನ ಹಳ್ಳಿಗಳಲ್ಲಿ ಆಗಾಗ ಕೇಳಿಬರುತ್ತದೆ. ಗಿಡುಗಗಳೇ ಇದಕ್ಕೆ ಕಾರಣವೆಂಬ ತೀರ್ಮಾನವೂ ಅದರ ಬೆನ್ನಿಗೇ ಬರುತ್ತದೆ. ಗೂಡಿರುವ ಮರವನ್ನು ಕಡಿದರೆ ಪೀಡೆ ತೊಲಗೀತೆಂದು ನಂಬುವವರೂ ಇದ್ದಾರೆ. ಇಂಥ ತೀರ್ಪನ್ನು ಜಾರಿಗೊಳಿಸುವ ಮುನ್ನ ಆರೋಪಿಯ ಆಹಾರವೇನೆಂದು ವಿಚಾರಿಸುವುದು ನ್ಯಾಯ.

ನಾವು ಗಿಡುಗವೆಂದು ಒಂದೇ ಹೆಸರಿನಿಂದ ಕರೆಯುವ ಹಕ್ಕಿಗಳು ಹಲವು ಜಾತಿಯವು. ಸಿಳ್ಳೆ ಹಾಕುತ್ತ ತೋಟದ ಮೇಲೆ ಸುತ್ತುವ ಪನ್ನಗಾರಿಯ ಮುಖ್ಯ ಆಹಾರ ಹಾವು, ಹಲ್ಲಿ, ಕಪ್ಪೆಗಳು. ಬಿಜ್ಜು ಓತಿಕ್ಯಾತ, ಇಲಿ, ಸಣ್ಣ ಹಕ್ಕಿ, ಮಿಡತೆಗಳನ್ನು ಹಿಡಿಯುತ್ತದೆ. ಅವಕಾಶ ಸಿಕ್ಕರೆ ಅಂಗಳದ ಕೋಳಿಮರಿಯನ್ನೂ ಬಿಡದು. ಮೊಲ, ಕಾಡುಕೋಳಿಗಳ ಮೇಲೆ ಎರಗುವುದು ಮುಖ್ಯವಾಗಿ ಜುಟ್ಟುಗಿಡುಗ. ಅದು ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ. ಕಾಡುಕೋಳಿ ಇಡುವುದು 4ರಿಂದ 7. ಹುಟ್ಟಿದ ಮರಿಗಳೆಲ್ಲ ಬದುಕುವಷ್ಟು ಮೇವಾಗಲಿ ಮರೆಯಾಗಲಿ ಯಾವ ಕಾಡಿನಲ್ಲಿಯೂ ಇರುವುದಿಲ್ಲ. ಅಮೆರಿಕದ ಜೀವವಿಜ್ಞಾನಿ ಪಾಲ್ ಎರಿಂಗ್ಟನ್ ಲಾವುಗೆಗಳನ್ನು ದೀರ್ಘಕಾಲ ಅಭ್ಯಸಿಸಿ ಈ ಸಂಗತಿಯನ್ನು 1940ರ ದಶಕದಲ್ಲಿಯೇ ವಿವರಿಸಿದರು. ನೆಲೆ ದೊರೆಯದೆ ಉಳಿದ ಹಕ್ಕಿಗಳೇ ಬೇಟೆಗೆ ಹೆಚ್ಚಾಗಿ ಸಿಗುತ್ತವೆ. ಅವು ಗಿಡುಗನಿಂದ ಸಾಯದಿದ್ದರೆ ಹಸಿವಿನಿಂದಲೋ ಚಳಿಯಿಂದಲೋ ಸಾಯುತ್ತವೆ.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯನ್ನು ಮುಚ್ಚಿಡಬೇಕಾಗಿಲ್ಲ. ಸ್ಕಾಟ್ಲೆಂಡಿನ ಲ್ಯಾಂಗ್‌ಹೋಮ್ ಬಯಲಿನಲ್ಲಿ 1992ರಿಂದ 1997ರವರೆಗೆ ಬೇಟೆಹಕ್ಕಿಗಳಿಗೆ ಸಂಪೂರ್ಣ ರಕ್ಷಣೆ ನೀಡಿ ಅಧ್ಯಯನ ನಡೆಸಲಾಯಿತು. ಗೂಡು ಕಟ್ಟುವ ಹೆಣ್ಣು ಸೆಳೆವಗಳು 2ರಿಂದ 20ಕ್ಕೆ ಏರಿದವು. ಗ್ರೌಸ್ ಎಂಬ ನೆಲಕೋಳಿಯ ಸಂಖ್ಯೆ ಬೇಟೆಗೆ ಸಾಲದಷ್ಟು ಕುಗ್ಗಿತು. ಆದರೆ ಸೆಳೆವಗಳನ್ನು ಅಲ್ಲಿಗೆ ಸೆಳೆದದ್ದು ಗ್ರೌಸ್ ಅಲ್ಲ, ಹುಲ್ಲಿನಲ್ಲಿ ಬೆಳೆಯುವ ಇಲಿಜಾತಿಯ ಪ್ರಾಣಿಗಳು ಮತ್ತು ಚಿಕ್ಕ ಹಕ್ಕಿಗಳು. ಕುರಿಗಳ ಅತಿಮೇವಿನಿಂದ ಹೆದರ್ ಪೊದೆ ಅಳಿದು ಹುಲ್ಲು ಹರಡಿದ್ದರಿಂದಲೇ ಅವು ಹೆಚ್ಚಿದ್ದವು. ಅಲ್ಲಿಯೂ ಮೊದಲು ಕೆಟ್ಟದ್ದು ನೆಲೆ.

ನಮ್ಮ ಬೆಟ್ಟದ ನೆಲೆ ಹೇಗಿದೆ? ದರಗನ್ನು ಚೊಕ್ಕವಾಗಿ ಗುಡಿಸಿ ಕೊಟ್ಟಿಗೆಗೆ ತರುತ್ತೇವೆ. ಕಾಡುಕೋಳಿ ಕೆದಕಿ ತಿನ್ನುವ ಹುಳುಗಳು, ಗೆದ್ದಲುಗಳು ಇರುವುದು ಆ ದರಗಿನ ಅಡಿಯಲ್ಲಿಯೇ. ಬೇಸಿಗೆಯ ಬೆಂಕಿ ನೆಲದ ಗೂಡುಗಳನ್ನು ಮೊಟ್ಟೆಸಹಿತ ಸುಡುತ್ತದೆ. ಪೊದೆಗಳನ್ನು ಸವರಿ ಅಕೇಶಿಯಾ ನೆಟ್ಟಲ್ಲಿ ಮೊಲಕ್ಕೆ ಮರೆಯಿಲ್ಲ. ಇವೆಲ್ಲಕ್ಕೂ ಮಿಗಿಲಾಗಿ ಬೇಲಿಯ ಸಂದಿನ ಉರುಲು ಇದೆ. ಗಿಡುಗಕ್ಕೆ ಹೊಟ್ಟೆ ತುಂಬಿದರೆ ಬೇಟೆ ನಿಲ್ಲುತ್ತದೆ, ಉರುಲಿಗೆ ಹೊಟ್ಟೆಯಿಲ್ಲ. ಗಿಡುಗ, ಮೊಲ, ಕಾಡುಕೋಳಿ ಇವುಗಳಲ್ಲಿ ಯಾವುದನ್ನು ಕೊಂದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧವೆಂಬುದನ್ನು ಮರೆಯಬಾರದು.

ಕೃಷಿಯ ದೃಷ್ಟಿಯಿಂದಲೂ ಈ ಹಕ್ಕಿಗಳನ್ನು ಕಳೆದುಕೊಳ್ಳುವುದು ಜಾಣತನವಲ್ಲ. ಹಗಲು ಬಿಜ್ಜು, ಇರುಳು ಗೂಬೆ ಹಿಡಿಯುವ ಇಲಿಗಳಿಗಾಗಿ ನಾವು ವಿಷ ಇಡಬೇಕಾಗುವುದಿಲ್ಲ. ಕೋಳಿಮರಿಗಳ ನಷ್ಟ ನಿಜವಾದದ್ದೇ; ಅದಕ್ಕೆ ಮೊದಲ ಕೆಲವು ವಾರ ಮಂಕರಿಯ ಮರೆ ಅಥವಾ ಬಲೆಯ ಗೂಡು ಸಾಕು.

ವಿದ್ಯಾರ್ಥಿಗಳು ತಮ್ಮ ಊರಿನ ಒಂದು ಬೆಟ್ಟದಲ್ಲಿ ಸ್ವಲ್ಪ ಭಾಗವನ್ನು ದರಗು ಗುಡಿಸದೆ, ಬೆಂಕಿ ಬೀಳದಂತೆ, ಉರುಲಿಲ್ಲದಂತೆ ಮೂರು ವರ್ಷ ಕಾಯಲಿ. ಅಲ್ಲಿ ಮುಂಜಾನೆ ಕೇಳಿಬರುವ ಕಾಡುಕೋಳಿಯ ಕೂಗನ್ನು ಎಣಿಸಿ ಪಕ್ಕದ ಬೆಟ್ಟದೊಡನೆ ಹೋಲಿಸಲಿ. ಎರಡೂ ಬೆಟ್ಟಗಳ ಮೇಲೆ ಹಾರುವ ಗಿಡುಗ ಒಂದೇ ಆಗಿರುತ್ತದೆ. ಆದ್ದರಿಂದ ವ್ಯತ್ಯಾಸ ಕಂಡುಬಂದರೆ ಅದರ ಹೊಣೆ ಯಾರದೆಂಬುದು ಸ್ಪಷ್ಟವಾದೀತು.