ಚಿತ್ರಗಳಿಗೆ ಯಾವ ಫೈಲು?

ಮಕ್ಕಳೇ, ನೀವು ಬಿಡಿಸಿದ ಚಿತ್ರಗಳನ್ನು ಎಲ್ಲಿಟ್ಟಿದ್ದೀರಿ? ಹಾಸಿಗೆಯ ಕೆಳಗೋ, ಸುರುಳಿ ಸುತ್ತಿ ಬೀರುವಿನ ಮೇಲೋ? ನನ್ನ ಮೊಮ್ಮಗಳ ಚಿತ್ರಗಳೂ ಅಲ್ಲೇ ಇದ್ದವು. ಪಿಯುಸಿ ಮುಗಿಸಿ ಅವಳು ಚಿತ್ರಕಲಾ ಕಾಲೇಜಿಗೆ ಅರ್ಜಿ ಹಾಕಿದಳು. ಸಂದರ್ಶನಕ್ಕೆ ಚಿತ್ರಗಳನ್ನು ಜೋಡಿಸಿ ತರಲು ಹೇಳಿದ್ದರು. "ಫೈಲಿನ ಚಿಂತೆ ನನಗೆ ಬಿಡು. ಬ್ಯಾಂಕಿನಲ್ಲಿ 36 ವರ್ಷ ಅದೇ ಕೆಲಸ ಮಾಡಿದವನು ನಾನು" ಎಂದು ಜಂಬ ಕೊಚ್ಚಿದೆ.

ತಂದದ್ದು ಎ4 ಅಳತೆಯ, ಫಳಫಳ ಹೊಳೆಯುವ ಪ್ಲಾಸ್ಟಿಕ್ ಫೈಲು. ಅವಳ ಚಿತ್ರಗಳು ಅದರ ಎರಡರಷ್ಟಿದ್ದವು. "ಮಧ್ಯಕ್ಕೆ ಮಡಚಿದರಾಯಿತು" ಎಂದೆ. ಅವಳು ಫೈಲನ್ನು ಮೂಸಿ, "ತಾತ, ಇದು ಹೊಸ ರೇನ್‌ಕೋಟಿನ ವಾಸನೆ. ಪಿವಿಸಿ ಇರಬೇಕು. ಸೆಕೆಗೆ ಬಣ್ಣ ಇದಕ್ಕೇ ಅಂಟಿಕೊಳ್ಳುತ್ತೆ" ಎಂದಳು. ನಾನು ಒಪ್ಪಲಿಲ್ಲ. "ನಮ್ಮ ಹಳೇ ಆಲ್ಬಮ್ ನೋಡು, 40 ವರ್ಷವಾದರೂ ಹೇಗಿದೆ!" ಎಂದು ಬೀರುವಿನಿಂದ ತೆಗೆದೆ.

ಆ ಆಲ್ಬಮ್ಮಿನ ಹಾಳೆಗೆ ಅಂಟು ಬಳಿದಿರುತ್ತದೆ, ಮೇಲೊಂದು ಪಾರದರ್ಶಕ ಹೊದಿಕೆ. ಆಗ ಎಷ್ಟೋ ಮನೆಗಳಲ್ಲಿ ಅಂಥದ್ದೇ ಇತ್ತು. ನಮ್ಮಮ್ಮನ ಇದ್ದೊಂದು ಫೋಟೊವನ್ನು ನಾನೇ ಅದರಲ್ಲಿ ಅಂಟಿಸಿದ್ದೆ. ಹೊದಿಕೆ ಎತ್ತಿ ಫೋಟೊ ಎಳೆದೆ. ಚರ್ ಎಂದಿತು. ಅಮ್ಮನ ಬಲಗೈ ಇದ್ದ ಮೂಲೆ ಹಾಳೆಯಲ್ಲೇ ಉಳಿಯಿತು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮಾರನೆಯ ದಿನ ಒಟ್ಟಿಗೆ ಅಂಗಡಿಗೆ ಹೋದೆವು. ಅವಳು ಹೇಳಿದಳು, ನಾನು ಬರೆದುಕೊಂಡೆ.

ಮೊದಲು ಅಳತೆ. ಎ4 ಎಂದರೆ 21 ಸೆಂ.ಮೀ. ಅಗಲ, 29.7 ಉದ್ದ. ಎ3 ಅದರ ಎರಡರಷ್ಟು, ಎ2 ನಾಲ್ಕರಷ್ಟು. ಅತಿ ದೊಡ್ಡ ಚಿತ್ರ ಮಡಚದೆ ಹಿಡಿಸುವ ಫೈಲೇ ಬೇಕು.

ಎರಡನೆಯದು ಪ್ಲಾಸ್ಟಿಕ್. ತ್ರಿಕೋನದೊಳಗೆ 5 ಎಂದಿದ್ದರೆ ಪಾಲಿಪ್ರೊಪಿಲೀನ್, ತೆಗೆದುಕೊಳ್ಳಿ. 3 ಎಂದಿದ್ದರೆ ಪಿವಿಸಿ, ಬೇಡ.

ಮೂರನೆಯದು ರಿಂಗ್ ಫೈಲು. ಚಿತ್ರಗಳನ್ನು ಹಿಂದೆಮುಂದೆ ಮಾಡಲು ಇದು ಅನುಕೂಲ. ಆದರೆ ಚಿತ್ರಕ್ಕೇ ತೂತು ಹೊಡೆಯಬೇಡಿ, ಕವರಿನೊಳಗೆ ಇಡಿ. ಬಸ್ಸಿನಲ್ಲಿ, ಮಳೆಯಲ್ಲಿ ಒಯ್ಯುವುದಾದರೆ ಜಿಪ್ ಮತ್ತು ಹಿಡಿಕೆ ಇರುವ ಗಟ್ಟಿ ರಟ್ಟಿನ ಕೇಸು ಒಳ್ಳೆಯದು.

ನಾಲ್ಕನೆಯದು ಇದ್ದಿಲಿನ ಚಿತ್ರ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರನ್ನು ಸೆಳೆಯುವ ಹಾಗೆ ಪ್ಲಾಸ್ಟಿಕ್ ಕವರು ಇದ್ದಿಲಿನ ಪುಡಿಯನ್ನು ಸೆಳೆಯುತ್ತದೆ. ಅಂಥ ಚಿತ್ರಗಳನ್ನು ಕವರಿಗೆ ಹಾಕದೆ, ನಡುವೆ ಬಟರ್ ಪೇಪರ್ ಇಟ್ಟು ರಟ್ಟಿನ ಫೋಲ್ಡರಿನಲ್ಲಿ ಇಡಬೇಕು.

ಇನ್ನು ಅಜ್ಜ ಅಜ್ಜಿಯರಿಗೆ ನನ್ನದೊಂದು ಮಾತು. ಅಂಟಿನ ಆಲ್ಬಮ್ ಇದ್ದರೆ ಫೋಟೊ ಎಳೆಯಬೇಡಿ. ಮೊದಲು ಇದ್ದ ಹಾಗೆಯೇ ಮೊಬೈಲಿನಲ್ಲಿ ಒಂದು ಪ್ರತಿ ತೆಗೆಸಿಕೊಳ್ಳಿ. ಬಿಡಿ ಫೋಟೊಗಳ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ, ಒತ್ತದೆ, ಯಾರು, ಯಾವ ವರ್ಷ ಎಂದು ಬರೆದಿಡಿ. ಬಾಲ್‌ಪೆನ್ನಿನ ಗೆರೆ ಮುಂಬದಿಗೆ ಒತ್ತಿ ಮೂಡುತ್ತದೆ.

ಮೊಮ್ಮಗಳು ಎಲ್ಲವನ್ನೂ ತುಂಬಲಿಲ್ಲ. 15 ಚಿತ್ರ ಆರಿಸಿದಳು. ಆ ವಾರವೆಲ್ಲ "ತಾತ, ಮುತ್ತಜ್ಜಿ ಕೈಯಲ್ಲಿ ಎಷ್ಟು ಬಳೆ ಇರ್ತಿತ್ತು? ಬೆರಳು ಉದ್ದವಾ?" ಎಂದು ಕೇಳುತ್ತಲೇ ಇದ್ದಳು. ನಾನು ಕಣ್ಣು ಮುಚ್ಚಿ ನೆನಪು ಮಾಡಿಕೊಂಡು ಹೇಳುತ್ತಿದ್ದೆ. ಫೈಲಿನ ಕೊನೆಯ ಕವರಿನಲ್ಲಿ ನಮ್ಮಮ್ಮನ ಪೆನ್ಸಿಲ್ ಚಿತ್ರವಿತ್ತು. ಬಲಗೈ, ನಾಲ್ಕು ಗಾಜಿನ ಬಳೆ, ಎಲ್ಲ ಇತ್ತು.

ಸೀಟು ಸಿಕ್ಕಿತೇ ಎನ್ನುತ್ತೀರಾ? ಪಟ್ಟಿ ಇನ್ನೂ ಬಂದಿಲ್ಲ. ನಾನು ತಂದ ಫಳಫಳ ಫೈಲಿನಲ್ಲಿ ಈಗ ಕರೆಂಟ್ ಬಿಲ್ಲುಗಳಿವೆ.