ಟ್ಯಾಬ್ ಒತ್ತಿದರೂ ಬಾರದ ‘ಲೇಖನ’

ಕಪ್ಪು ಪರದೆಯ ಮುಂದೆ ದುಡಿಯುವ ನಮ್ಮಂಥವರಿಗೆ ಟ್ಯಾಬ್ ಕೀ ಅಂದರೆ ಅಂಗಡಿಯ ಹಳೆ ಗುಮಾಸ್ತ ಇದ್ದ ಹಾಗೆ. ಅರ್ಧ ಹೆಸರು ಹೇಳಿದರೆ ಸಾಕು, ಉಳಿದದ್ದನ್ನು ಅವನೇ ಹುಡುಕಿ ಮುಂದಿಡುತ್ತಾನೆ. ಅವನು ಸುಮ್ಮನಾದ ದಿನ ಕೈ ಕಟ್ಟಿದಂತಾಗುತ್ತದೆ.

ಸಾಮಾನ್ಯ ಕಾರಣಗಳನ್ನು ಮೊದಲು ನೋಡಿಬಿಡೋಣ. ಉಬುಂಟು ಸರ್ವರ್‌ನಲ್ಲಿ ‘ಯೂಸರ್‌ಆಡ್’ ಕಮಾಂಡಿನಿಂದ ತೆರೆದ ಖಾತೆಗೆ ಬ್ಯಾಶ್ ಬದಲು ಡ್ಯಾಶ್ ಶೆಲ್ ಸಿಗುವುದುಂಟು. ಅದಕ್ಕೆ ಈ ವಿದ್ಯೆಯೇ ಬರುವುದಿಲ್ಲ. ಟ್ಯಾಬ್ ಒತ್ತಿದರೆ ಖಾಲಿ ಜಾಗ ಬಿಡುತ್ತದೆ, ಅಷ್ಟೇ. ‘ಸಿಎಚ್‌ಎಸ್‌ಎಚ್’ ಕಮಾಂಡಿನಿಂದ ಬ್ಯಾಶ್ ಆರಿಸಿ ಮತ್ತೆ ಲಾಗಿನ್ ಆಗಿ. 2019ರ ಕ್ಯಾಟಲೀನಾದಿಂದೀಚೆಗೆ ಮ್ಯಾಕ್‌ನಲ್ಲಿ ಝೆಡ್‌ಶೆಲ್ ಬಂದಿದೆ. ಅಲ್ಲಿ ಕೆಟ್ಟರೆ ಹೋಮ್ ಫೋಲ್ಡರಿನಲ್ಲಿ ಅಡಗಿರುವ ‘ಝೆಡ್‌ಕಾಂಪ್‌ಡಂಪ್’ ಫೈಲನ್ನು ಅಳಿಸಿ ಹೊಸ ಟರ್ಮಿನಲ್ ತೆರೆಯಿರಿ. ಅದು ಬರೀ ಕ್ಯಾಶ್, ಮತ್ತೆ ಹುಟ್ಟಿಕೊಳ್ಳುತ್ತದೆ. ಬ್ಯಾಶ್‌ನಲ್ಲಿ ಫೈಲ್ ಹೆಸರು ಬಂದು, ಗಿಟ್ ಬ್ರಾಂಚಿನ ಹೆಸರು ಮಾತ್ರ ಬಾರದಿದ್ದರೆ ‘ಬ್ಯಾಶ್-ಕಂಪ್ಲೀಷನ್’ ಪ್ಯಾಕೇಜ್ ಇದೆಯೇ ನೋಡಿ.

ಕನ್ನಡದಲ್ಲಿ ಹೆಸರಿಟ್ಟ ಫೈಲುಗಳ ಕಥೆಯೇ ಬೇರೆ.

ಮುಂಬೈ ಉಪನಗರದ ಒಂದು ಕನ್ನಡ ಸಂಘದವರು ತಮ್ಮ ಹಳೆಯ ಫೋಟೋ, ಕರಪತ್ರ, ಕೈಬರಹಗಳನ್ನು ಸ್ಕ್ಯಾನ್ ಮಾಡಿ ಹಳೆ ಮ್ಯಾಕ್ ಒಂದರಲ್ಲಿ ಇಟ್ಟಿದ್ದರು. ಮೂಲ ಕಾಗದಗಳು ಇಲ್ಲಿನ ಮಳೆಗಾಲದ ತೇವಕ್ಕೆ ಹೋಗಿಯಾಗಿತ್ತು. ಉಳಿದದ್ದು ಆ ಸ್ಕ್ಯಾನ್‌ಗಳೇ. ಎಲ್ಲವನ್ನೂ ಆರ್‌ಸಿಂಕ್ ಮೂಲಕ ಲಿನಕ್ಸ್ ಸರ್ವರ್‌ಗೆ ಸಾಗಿಸಿದ ಮೇಲೆ ತಕರಾರು ಶುರುವಾಯಿತು. ‘ನಾಟಕ’, ‘ಯಕ್ಷಗಾನ’ ಫೋಲ್ಡರುಗಳು ಟ್ಯಾಬ್‌ಗೆ ಬರುತ್ತವೆ. ‘ಲೇಖನ’, ‘ಮೀಟಿಂಗ್’ ಬರುವುದಿಲ್ಲ. ಪೂರ್ತಿ ಟೈಪ್ ಮಾಡಿದರೂ ‘ಅಂಥದ್ದಿಲ್ಲ’ ಎಂಬ ಉತ್ತರ. ಇಲ್ಲವಲ್ಲ ಅಂತ ಯಾರೋ ಹೊಸದಾಗಿ ‘ಲೇಖನ’ ತೆರೆದರು. ಈಗ ಪಟ್ಟಿಯಲ್ಲಿ ಎರಡು ‘ಲೇಖನ’, ಕಣ್ಣಿಗೆ ಒಂದೇ ಥರ. “ಡುಪ್ಲಿಕೇಟ್ ಇದೆ, ಒಂದನ್ನು ಡಿಲೀಟ್ ಮಾಡ್ಲಾ ಅಣ್ಣಾ?” ಅಂತ ಅಲ್ಲಿನ ಹುಡುಗ ಫೋನ್ ಮಾಡಿದ. “ಸ್ವಲ್ಪ ತಡಿ ಮಾರಾಯ” ಅಂದೆ.

ಕಾರಣ ನಮ್ಮ ಲಿಪಿಯಲ್ಲೇ ಇದೆ. ಯೂನಿಕೋಡ್‌ನಲ್ಲಿ ‘ಲೇ’ ಅಕ್ಷರವನ್ನು ಎರಡು ಬಗೆಯಲ್ಲಿ ಬರೆಯಬಹುದು: ‘ಲ’ಕ್ಕೆ ಏತ್ವವನ್ನು ಒಂದೇ ಚಿಹ್ನೆಯಾಗಿ ಸೇರಿಸಬಹುದು, ಇಲ್ಲವೇ ಎತ್ವ ಮತ್ತು ದೀರ್ಘ ಎಂದು ಬಿಡಿಸಿ ಸೇರಿಸಬಹುದು. ನಮ್ಮ ಕೀಬೋರ್ಡ್ ಕೊಡುವುದು ಮೊದಲನೆಯದು. ಹಳೆ ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಫೈಲ್ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು. ಎರಡನ್ನೂ ಒಂದೇ ಎಂದು ಅದು ಒಪ್ಪುತ್ತಿದ್ದರಿಂದ ಅಲ್ಲಿ ತೊಂದರೆ ತಿಳಿಯಲಿಲ್ಲ. ಲಿನಕ್ಸ್ ಹಾಗಲ್ಲ, ಬೈಟ್‌ಗೆ ಬೈಟ್ ತಾಳೆ ನೋಡುತ್ತದೆ. ಅದರ ಲೆಕ್ಕದಲ್ಲಿ ಒಂದು ‘ಲೇಖನ’ 12 ಬೈಟ್, ಇನ್ನೊಂದು 15. ಈ, ಏ, ಐ, ಒ, ಓ ಸ್ವರಚಿಹ್ನೆಗಳಿಗೆಲ್ಲ ಇದೇ ಪಾಡು. ‘ನಾಟಕ’ದಲ್ಲಿ ಅಂಥ ಚಿಹ್ನೆ ಇಲ್ಲ, ಬಚಾವಾಯಿತು.

ನಿಮಗೂ ಹೀಗಾದರೆ, ತುರ್ತಿಗೆ ‘ಲ’ ಮಾತ್ರ ಟೈಪ್ ಮಾಡಿ ಟ್ಯಾಬ್ ಒತ್ತಿ. ವ್ಯಂಜನ ಎರಡರಲ್ಲೂ ಒಂದೇ ಆದ್ದರಿಂದ ಹೆಸರು ಸಿಗುತ್ತದೆ. ಅನುಮಾನವಿದ್ದರೆ ‘ಎಲ್‌ಎಸ್’ ಕೊಡುವ ಪಟ್ಟಿಯನ್ನು ‘ಎಕ್ಸ್‌ಎಕ್ಸ್‌ಡಿ’ಗೆ ಪೈಪ್ ಮಾಡಿ ಬೈಟುಗಳನ್ನು ನೋಡಿ. ಶಾಶ್ವತ ಪರಿಹಾರಕ್ಕೆ ‘ಕನ್ವ್‌ಎಮ್‌ವಿ’ ಎಂಬ ಪುಟ್ಟ ಸಾಧನವಿದೆ. ಯುಟಿಎಫ್-8ರಿಂದ ಯುಟಿಎಫ್-8ಕ್ಕೇ, ‘ಎನ್‌ಎಫ್‌ಸಿ’ ರೂಪಕ್ಕೆ ಬದಲಿಸು ಎನ್ನಿ. ‘ನೋಟೆಸ್ಟ್’ ಎಂದು ಸೇರಿಸುವ ತನಕ ಅದು ಏನು ಮಾಡುತ್ತೇನೆಂದು ತೋರಿಸುತ್ತದೆಯೇ ಹೊರತು ಯಾವುದನ್ನೂ ಮುಟ್ಟುವುದಿಲ್ಲ. ಪಟ್ಟಿ ಓದಿ, ಬ್ಯಾಕಪ್ ಇಟ್ಟು, ಆಮೇಲೆ ಮುಂದುವರಿಯಿರಿ. ಜೋಡಿ ಫೋಲ್ಡರ್ ಇದ್ದರೆ ಹೊಸದಕ್ಕೆ ಮೊದಲೇ ಬೇರೆ ಹೆಸರಿಡಿ.

ಸಂಘದ ಎರಡು ‘ಲೇಖನ’ಗಳಲ್ಲಿ ಒಂದರಲ್ಲಿ ಆ ವಾರದ ನಾಲ್ಕು ಫೈಲು, ಇನ್ನೊಂದರಲ್ಲಿ ಹಿರಿಯರ ಕೈಬರಹಗಳೆಲ್ಲ ಇದ್ದವು. ಹುಡುಗ ಅಳಿಸಲು ಹೊರಟಿದ್ದು ಟ್ಯಾಬ್‌ಗೆ ಬಾರದ ಆ ಎರಡನೆಯದನ್ನೇ.

ಹಾಗಂತ ಫೈಲುಗಳಿಗೆ ಇಂಗ್ಲಿಷ್ ಹೆಸರಿಡಿ ಎನ್ನುವವರ ಮಾತು ಕೇಳಬೇಕಿಲ್ಲ. ಕನ್ನಡದಲ್ಲೇ ಇಡಿ. ಆದರೆ ಕಣ್ಣಿಗೆ ಒಂದೇ ಥರ ಕಂಡವನ್ನು ಅಳಿಸುವ ಮುನ್ನ ಒಳಗೇನಿದೆ ಎಂದು ತೆರೆದು ನೋಡಿ.