ಹೈದರ್ ಹೆಸರಿನ ಹಡಗು, ದೇವನಹಳ್ಳಿಯ ಕಾಗದಗಳು

1782ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಡೆಲವೇರ್ ಕೊಲ್ಲಿಯಲ್ಲಿ ಪೆನ್ಸಿಲ್ವೇನಿಯಾದ ಹಡಗೊಂದು ತನಗಿಂತ ಬಲಿಷ್ಠವಾದ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಯುದ್ಧನೌಕೆಯನ್ನು ಸೆರೆಹಿಡಿಯಿತು. ಗೆದ್ದ ಹಡಗಿನ ಹೆಸರು ‘ಹೈದರ್ ಅಲಿ’. ಬ್ರಿಟಿಷರೊಡನೆ ಸೆಣಸುತ್ತಿದ್ದ ಅಮೆರಿಕನ್ನರು ಅದೇ ಶತ್ರುವನ್ನು ದಕ್ಷಿಣ ಭಾರತದಲ್ಲಿ ಕಂಗೆಡಿಸಿದ್ದ ಮೈಸೂರಿನ ಹೈದರನ ಹೆಸರನ್ನು ತಮ್ಮ ಹಡಗಿಗೆ ಇಟ್ಟುಕೊಂಡಿದ್ದರು. ಆ ಹೈದರ್ ಮೊದಲು ಹೆಸರು ಮಾಡಿದ್ದು 1749ರ ದೇವನಹಳ್ಳಿ ಮುತ್ತಿಗೆಯಲ್ಲಿ. ಅವನ ಮಗ ಟಿಪ್ಪು ಹುಟ್ಟಿದ್ದೂ ಅದೇ ಊರಿನಲ್ಲಿ. ಇನ್ನೊಂದು ನಂಟೂ ಇದೆ. 1781ರ ಅಕ್ಟೋಬರ್‌ನಲ್ಲಿ ಯಾರ್ಕ್‌ಟೌನ್‌ನಲ್ಲಿ ಶರಣಾದ ಸೇನೆಯ ಅಧಿಪತಿ ಕಾರ್ನ್‌ವಾಲಿಸನೇ ಹತ್ತು ವರ್ಷಗಳ ತರುವಾಯ ಇಲ್ಲಿಗೆ ದಂಡೆತ್ತಿ ಬಂದ. 1791ರ ಮಾರ್ಚ್‌ನಲ್ಲಿ ಬೆಂಗಳೂರಿನ ಕೋಟೆ ಬಿತ್ತು. ಅದೇ ವರ್ಷ ದೇವನಹಳ್ಳಿ, ನಂದಿದುರ್ಗಗಳೂ ಅವನ ಕೈಸೇರಿದವು.

ಕಾಕತಾಳೀಯವೆಂದರೆ, ಅದೇ 1791ರ ಜನವರಿಯಲ್ಲಿ ಬಾಸ್ಟನ್ ನಗರದಲ್ಲಿ ಜೆರೆಮಿ ಬೆಲ್‌ನಾಪ್ ಎಂಬ ಪಾದ್ರಿಯೂ ಅವನ ಗೆಳೆಯರೂ ಸೇರಿ ಮ್ಯಾಸಚೂಸೆಟ್ಸ್ ಇತಿಹಾಸ ಸಂಘವನ್ನು ಕಟ್ಟಿದರು. ಅಂದಿನಿಂದ ಇಂದಿನವರೆಗೂ ಅದು ಕಾಗದಪತ್ರಗಳನ್ನು ಕೂಡಿಡುತ್ತ ಬಂದಿದೆ. ಎರಡನೆಯ ಅಧ್ಯಕ್ಷ ಜಾನ್ ಆಡಮ್ಸ್ ಮತ್ತು ಅವನ ಪತ್ನಿ ಅಬಿಗೇಲ್ ಪರಸ್ಪರ ಬರೆದ ಪತ್ರಗಳು ಅಲ್ಲಿವೆ. ಇದೇ ಮಾದರಿಯ ಸಂಘಗಳು ಆ ದೇಶದ ಸಣ್ಣ ಸಣ್ಣ ಕೌಂಟಿಗಳಲ್ಲೂ ಹುಟ್ಟಿಕೊಂಡವು. ಅವು ಸರ್ವಗುಣಸಂಪನ್ನವೆಂದು ನಾನು ಹೇಳಲಾರೆ. ಬಹುಕಾಲ ಅವು ಉಳ್ಳವರ ಕೂಟಗಳಾಗಿದ್ದವು. ಕಪ್ಪು ಗುಲಾಮರ ಹೆಸರು ಅಲ್ಲಿನ ಕಡತಗಳಲ್ಲಿ ಸಿಗುವುದು ಒಡೆಯನ ಆಸ್ತಿಪಟ್ಟಿಯಲ್ಲಿ, ದನಕರುಗಳ ಸಾಲಿನಲ್ಲಿ. ಆದರೂ ಪಟ್ಟಿ ಉಳಿದದ್ದರಿಂದ ಅವರ ಮರಿಮಕ್ಕಳು ಇಂದು ತಮ್ಮ ಹಿರಿಯರನ್ನು ಹುಡುಕಿಕೊಳ್ಳುತ್ತಿದ್ದಾರೆ.

ಮೇನ್ ಸಂಸ್ಥಾನದ ಮಾರ್ತಾ ಬ್ಯಾಲರ್ಡ್ ಎಂಬ ಸೂಲಗಿತ್ತಿ 1785ರಿಂದ 1812ರವರೆಗೆ ದಿನಚರಿ ಬರೆದಳು. ಹವಾಮಾನ, ಹೆರಿಗೆ, ನೂಲುವುದು, ಸಾಲ, ತೀರುವಳಿ. ಇದರಲ್ಲಿ ಏನೂ ಹುರುಳಿಲ್ಲವೆಂದು ಹಿಂದಿನ ವಿದ್ವಾಂಸರು ಬದಿಗಿಟ್ಟಿದ್ದರು. ಲಾರೆಲ್ ಉಲ್ರಿಚ್ ಎಂಬ ಇತಿಹಾಸಕಾರ್ತಿ ಅದನ್ನೇ ಆಧರಿಸಿ 1990ರಲ್ಲಿ ಪುಸ್ತಕ ಬರೆದರು. ಮರುವರ್ಷ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಓದಬಲ್ಲವರು ಹುಟ್ಟುವವರೆಗೆ ಆ ಪುಟಗಳನ್ನು ಯಾರೋ ಜೋಪಾನ ಮಾಡಿದ್ದರು.

ನಮ್ಮ ಗ್ರಾಮಾಂತರ ಜಿಲ್ಲೆಯ ಕಥೆ ಬೇರೆ. ಕಲ್ಲಿನ ಮಟ್ಟಿಗೆ ನಾವು ಅದೃಷ್ಟವಂತರು. ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ತಾಲ್ಲೂಕುಗಳ ಶಾಸನಗಳನ್ನು ಬಿ.ಎಲ್. ರೈಸ್ 1905ರಷ್ಟು ಹಿಂದೆಯೇ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟದಲ್ಲಿ ಪ್ರಕಟಿಸಿದರು. 1909ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಈ ಭಾಗದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುವ ಕೆಲಸಕ್ಕೆ ಕೈಹಾಕಿತು. ರೈಸ್ ಕಂಡಿದ್ದ ಹಲವು ಕಲ್ಲುಗಳು ಈ ನೂರು ವರ್ಷಗಳಲ್ಲಿ ಕಾಣೆಯಾಗಿವೆ. ಉಳಿದವಾದರೂ ದಕ್ಕುತ್ತಿವೆಯಲ್ಲ ಎಂಬ ಸಮಾಧಾನ.

ಕಾಗದಕ್ಕೆ ಆ ಭಾಗ್ಯವಿಲ್ಲ. 1791ರ ಯುದ್ಧವನ್ನು ನಾವು ಓದುವುದು ಬಹುಮಟ್ಟಿಗೆ ಆಂಗ್ಲ ಸೇನಾಧಿಕಾರಿಗಳ ದಿನಚರಿಗಳಲ್ಲಿ. ಆ ಬೇಸಿಗೆಯಲ್ಲಿ ದೇವನಹಳ್ಳಿ ಸೀಮೆಯ ಒಕ್ಕಲಿಗ ತನ್ನ ಹಗೇವಿನ ರಾಗಿಯನ್ನು ಹೇಗೆ ಉಳಿಸಿಕೊಂಡನೆಂದು ಅವು ಹೇಳುವುದಿಲ್ಲ. ಇಂದು ನಾವು ಫೈಲಿಗೆ ಬಳಸುವ ‘ಕಡತ’ ಎಂಬ ಪದವೇ, ಹುಣಸೆಬೀಜದ ಅಂಟು ಹಾಗೂ ಇದ್ದಿಲು ಲೇಪಿಸಿ ಬಳಪದಿಂದ ಬರೆಯುತ್ತಿದ್ದ ಮಡಿಕೆಯ ಬಟ್ಟೆಯಿಂದ ಬಂದದ್ದು. ಪದ ಉಳಿದಿದೆ, ವಸ್ತು ವಿರಳವಾಗಿದೆ. 1963ರಲ್ಲಿ ವಂಶಪಾರಂಪರ್ಯದ ಶ್ಯಾನುಭೋಗಿಕೆ ರದ್ದಾದಾಗ ಸರ್ಕಾರಕ್ಕೆ ಬೇಕಾದ ಲೆಕ್ಕಪುಸ್ತಕಗಳು ತಾಲ್ಲೂಕು ಕಚೇರಿ ಸೇರಿದವು. ಬೇಡವಾದವು ಮನೆಯ ಅಟ್ಟ ಸೇರಿದವು. ಮನೆ ಕೆಡವುವ ದಿನ ಅಟ್ಟದ ಗಂಟು ರದ್ದಿಯವನ ಪಾಲು. ದೊಡ್ಡಬಳ್ಳಾಪುರದ ಮಗ್ಗದ ಮನೆಗಳ ಕೂಲಿಲೆಕ್ಕದ ಪುಸ್ತಕಗಳಿಗೂ ಇದೇ ಗತಿ.

ಕಚೇರಿಯೊಳಗಿನದೂ ಸುರಕ್ಷಿತವೆಂದಲ್ಲ. ಅವಧಿ ಮೀರಿದ ದಾಖಲೆಗಳ ನಾಶಕ್ಕೆ ನಮ್ಮಲ್ಲಿ ವರ್ಗಗಳೂ ನಿಯಮಗಳೂ ಇವೆ. ತೊಂಬತ್ತರ ದಶಕದಲ್ಲಿ ಒಂದು ಕಚೇರಿಯಲ್ಲಿ ಅಂಥ ಪಟ್ಟಿಗೆ ನಾನೇ ಸಹಿ ಮಾಡಿದ್ದೇನೆ. ‘ಹಳೆಯ ಇತರೆ ಕಾಗದಗಳು’ ಎಂದಷ್ಟೇ ಬರೆದಿತ್ತು. ಕಟ್ಟು ಬಿಚ್ಚಿ ನೋಡುವ ವ್ಯವಧಾನ ನನಗಿರಲಿಲ್ಲ. ನಿಯಮ ಕೇಳಿರಲೂ ಇಲ್ಲ. ಅದರಲ್ಲಿ ಏನಿತ್ತೆಂಬುದು ಇನ್ನೆಂದೂ ತಿಳಿಯದು.

ಕಂದಾಯ ಇಲಾಖೆ 2024ರಲ್ಲಿ ‘ಭೂ ಸುರಕ್ಷಾ’ ಯೋಜನೆಯಡಿ ದಾಖಲೆ ಕೊಠಡಿಗಳ ಗಣಕೀಕರಣಕ್ಕೆ ತೊಡಗಿದ್ದು ಸ್ವಾಗತಾರ್ಹವೇ. ಆದರೆ ಅದು ನೋಡುವುದು ಹಕ್ಕಿನ ದಾಖಲೆಯನ್ನು, ನ್ಯಾಯಾಲಯದಲ್ಲಿ ನಿಲ್ಲುವ ಕಾಗದವನ್ನು. ಬರಗಾಲದ ಅರ್ಜಿ, ಕೆರೆಯ ಜಗಳದ ಪತ್ರ, ಸಂತೆಯ ಸುಂಕದ ಚೀಟಿ ಇವು ಯಾರ ಹಕ್ಕನ್ನೂ ಸಾಧಿಸುವುದಿಲ್ಲವಾದ್ದರಿಂದ ಯಾರಿಗೂ ಬೇಡ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಹಕ್ಕುಪತ್ರಕ್ಕಿಂತ ಆ ಚೀಟಿಯೇ ಹೆಚ್ಚು ಬೆಲೆಯುಳ್ಳದ್ದೆನಿಸುತ್ತದೆ. ದರ, ಕೂಲಿ, ಬೆಳೆಗಳ ನಿಜ ಅಲ್ಲಿರುತ್ತದೆ.

ವಿಳಂಬಕ್ಕೆ ಇಲ್ಲಿ ಅವಕಾಶ ಕಡಿಮೆ. ಸುಮಾರು 4,000 ಎಕರೆಯ ವಿಮಾನ ನಿಲ್ದಾಣ 2008ರಲ್ಲಿ ಆರಂಭವಾದ ಮೇಲೆ ಸುತ್ತಲ ಊರುಗಳ ಚಹರೆಯೇ ಬದಲಾಯಿತು. ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಭೂಸ್ವಾಧೀನದ ವಿರುದ್ಧ ರೈತರು 2022ರಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತರು. 2025ರ ಜುಲೈನಲ್ಲಿ ಸರ್ಕಾರ ಪ್ರಸ್ತಾವವನ್ನು ಕೈಬಿಟ್ಟಿತು. ಅದೇ ತಿಂಗಳು ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಜಿಲ್ಲೆಗೆ ‘ಬೆಂಗಳೂರು ಉತ್ತರ’ ಎಂದು ಹೆಸರಿಡಲು ತೀರ್ಮಾನಿಸಿತು. ಹೊಸ ಹೆಸರಿನ ಫಲಕಗಳಿಗೆ ಅನುದಾನ ಸಿಗುವುದರಲ್ಲಿ ನನಗೆ ಅನುಮಾನವಿಲ್ಲ.

ಬೇಕಾದದ್ದು ದೊಡ್ಡ ವಸ್ತುಸಂಗ್ರಹಾಲಯವೇನಲ್ಲ. ಆಸ್ತಿ ತೆರಿಗೆಯೊಡನೆ ಜನ ಗ್ರಂಥಾಲಯ ಕರವನ್ನೂ ತೆರುತ್ತಾರೆ. ಆ ಹಣದಲ್ಲಿ ತಾಲ್ಲೂಕು ಕೇಂದ್ರದ ಗ್ರಂಥಾಲಯದಲ್ಲಿ ಗೆದ್ದಲು ಹತ್ತದ ಒಂದು ಕೊಠಡಿ, ಹಳೆಯ ಬರವಣಿಗೆ ಓದಬಲ್ಲ ಒಬ್ಬ ನೌಕರ, ಕೊಟ್ಟವರ ಹೆಸರು ಬರೆದಿಡಲು ಒಂದು ವಹಿ. ನಾಶದ ಪಟ್ಟಿಗೆ ಸಹಿ ಬೀಳುವ ಮುನ್ನ ಕಟ್ಟುಗಳನ್ನು ಆ ನೌಕರ ಬಿಚ್ಚಿ ನೋಡಬೇಕೆಂಬ ಒಂದು ಆದೇಶ. ರಾಜಧಾನಿಯ ಪತ್ರಾಗಾರ ಇಲಾಖೆ ತರಬೇತಿ ಕೊಡಬಹುದು. ಮೊದಲ ಸಂಗ್ರಹಕ್ಕೆ ಮುನ್ನೂರು ವರ್ಷ ಹಿಂದಕ್ಕೆ ಹೋಗಬೇಕಾಗಿಲ್ಲ. ಚನ್ನರಾಯಪಟ್ಟಣದ ಧರಣಿಯ ಕರಪತ್ರ, ಮನವಿಪತ್ರ, ಸಭೆಯ ಟಿಪ್ಪಣಿಗಳು ಈಗಲೂ ಯಾರದೋ ಮನೆಯ ಪ್ಲಾಸ್ಟಿಕ್ ಚೀಲದಲ್ಲಿರಬೇಕು. ಬರೆದವರು ನಮ್ಮ ನಡುವೆಯೇ ಇದ್ದಾರೆ. ಹೋಗಿ ಕೇಳುವವರು ಬೇಕು.